ಅರ್ಧ ಪಾಸ್‌ವರ್ಡ್

ಮನೆಯಿಂದ
ಮಾರ್ಚ್ ೧೨, ಬುಧವಾರ

ಪ್ರೀತಿಯ ದೊರೆಸಾನಿಗೆ,

ಹೇಗಿದ್ದೀ? ದ್ವೀಪದ ನೀರು ಮೈಗೆ ಒಗ್ಗಿತೇ? ಹೋದ ಭಾನುವಾರ ಫೋನಿನಲ್ಲಿ ನಿನ್ನ ಗಂಟಲು ಕಟ್ಟಿದಂತಿತ್ತು. ಕೇಳಿದರೆ ಗಾಳಿ ಎಂದು ಮಾತು ಹಾರಿಸಿಬಿಟ್ಟೆ. ಅಲ್ಲಿನ ಆಸ್ಪತ್ರೆಯ ಕಂಪ್ಯೂಟರುಗಳನ್ನೆಲ್ಲ ಸರಿಮಾಡಲು ಹೋದವಳಿಗೆ ಪಕ್ಕದ ಕೋಣೆಯ ಡಾಕ್ಟರಿಗೆ ಒಮ್ಮೆ ಬಾಯಿ ತೆರೆದು ತೋರಿಸಲು ಏನು ಕಷ್ಟವೋ ಕಾಣೆ. ಇಲ್ಲಿ ಅಮ್ಮ ಮಂಡಿನೋವೊಂದು ಬಿಟ್ಟರೆ ಗಟ್ಟಿಮುಟ್ಟಾಗಿದ್ದಾಳೆ. ನಾನೂ ಚೆನ್ನಾಗಿದ್ದೇನೆ. ನೀನು ಹೋದ ಮೇಲೆ ಮನೆಯಲ್ಲಿ ಬೇಡ ಎನ್ನುವವರು ಯಾರೂ ಇಲ್ಲ. ಹಾಗಾಗಿ ಏಣಿ ಪಕ್ಕದ ಮನೆಯಲ್ಲಿದೆ, ಇಸ್ತ್ರಿಪೆಟ್ಟಿಗೆ ಮೇಲಿನ ಮಹಡಿಯಲ್ಲಿದೆ, ನಿನ್ನ ಹೊಲಿಗೆ ಯಂತ್ರ ಎಲ್ಲಿದೆ ಎಂದು ನೀನು ಕೇಳದಿದ್ದರೆ ಒಳ್ಳೆಯದು. ಬಂದವರಿಗೆ ಅಮ್ಮ ಎತ್ತಿಕೊಡುತ್ತಾಳೆ, ನಾನು ನೋಡುತ್ತಾ ನಿಲ್ಲುತ್ತೇನೆ.

ಈಗ ನಮ್ಮ ಆಸ್ಪತ್ರೆಯ ಸುದ್ದಿ. ರಕ್ತ ಪರೀಕ್ಷೆಯ ಹೊಸ ಯಂತ್ರ ಕಡೆಗೂ ಬಂತು. ಅದರ ಜೊತೆಗೆ ಕಂಪನಿಯ ಎಂಜಿನಿಯರ್ ಬಂದ, ಅವನ ಜೊತೆಗೆ ಒಂದು ಡೀಮನ್ ಬಂತು. ದೊಡ್ಡ ಸಾಹೇಬರು "ಡೀಮನ್ ಅಂದ್ರೆ ಏನ್ರೀ?" ಎಂದಾಗ ನೀನು ಹೇಳಿಕೊಟ್ಟಿದ್ದನ್ನೇ ಒಪ್ಪಿಸಿದೆ. ಕಂಪ್ಯೂಟರು ಶುರುವಾದಾಗಿನಿಂದ ಯಾರೂ ಕರೆಯದೆ, ಯಾರ ಕಣ್ಣಿಗೂ ಬೀಳದೆ, ಹಿಂದೆ ಕೂತು ಒಂದೇ ಕೆಲಸ ಮಾಡುತ್ತಿರುವ ಪ್ರೋಗ್ರಾಂ ಅದು. ಯಂತ್ರ ಕೊಟ್ಟ ಅಂಕಿಗಳನ್ನು ರಿಪೋರ್ಟು ಮಾಡಿ ವಾರ್ಡಿಗೆ ಕಳಿಸುವುದು ಇದರ ಕೆಲಸ. ಆ ಕೆಲಸಕ್ಕೆ ಎಷ್ಟು ಬೇಕೋ ಅಷ್ಟೇ ಜಾಗಕ್ಕೆ ಅದನ್ನು ಬಿಡುತ್ತೇವೆ, ಮಿಕ್ಕ ಬಾಗಿಲುಗಳೆಲ್ಲ ಬಂದ್. ಬೇರೆ ಕಡೆಯಾದರೆ ಫೈಲಿನ ಒಡೆಯ ಮನಸ್ಸು ಬಂದವರಿಗೆ ಬಾಗಿಲು ತೆಗೆಯಬಹುದು, ನಮ್ಮಲ್ಲಿ ಒಡೆಯನಿಗೂ ಆ ಹಕ್ಕಿಲ್ಲ, ನಿಯಮವೇ ಮೇಲು ಎಂದೆ. "ನಾನು ಹೇಳಿದ್ರೂ ಇಲ್ವಾ?" ಎಂದರು. ನೀವು ಹೇಳಿದರೂ ಇಲ್ಲ ಎಂದೆ. ನಿಯಮದ ಪರವಾಗಿ ಮಾತಾಡುವಾಗ ನನಗೆ ಧೈರ್ಯ ಎಲ್ಲಿಂದಲೋ ಬರುತ್ತದೆ. ಸ್ವಂತಕ್ಕೆ ಬೇಕಾದಾಗ ಅದೇ ಧೈರ್ಯ ರಜೆ ಹಾಕುತ್ತದೆ.

ಮೊದಲ ದಿನ ಒಂದೇ ಒಂದು ರಿಪೋರ್ಟೂ ವಾರ್ಡಿಗೆ ಹೋಗಲಿಲ್ಲ. ನರ್ಸುಗಳು ಮೆಟ್ಟಿಲು ಹತ್ತಿ ಇಳಿದು ಸುಸ್ತಾದರು. ನಿಮ್ಮ ನಿಯಮದ ಕಾವಲೇ ಅಡ್ಡ ಬಂದಿದೆ, ಅದನ್ನು ತೆಗೆದುಹಾಕಿ ಎಂದು ಎಂಜಿನಿಯರ್ ರಾಗ ಎಳೆದ. ನೋಡಿದರೆ, ರಿಪೋರ್ಟಿನ ನಮೂನೆಗಳಿದ್ದ ಫೋಲ್ಡರನ್ನು ಆ ಮಹಾರಾಯ ತನ್ನ ಸ್ವಂತ ಜಾಗದಿಂದ ನಕಲು ಮಾಡುವ ಬದಲು ಹಾಗೇ ಎತ್ತಿ ತಂದು ಇಟ್ಟಿದ್ದ. ನಕಲು ಮಾಡಿದ್ದರೆ ಫೈಲು ಯಾವ ಜಾಗದ್ದು ಎಂದು ನಿಯಮಕ್ಕೆ ಹೇಳುವ ಗುರುತುಚೀಟಿ ಹೊಸದಾಗಿ ತಾನಾಗಿಯೇ ಅಂಟುತ್ತಿತ್ತು. ಎತ್ತಿ ತಂದದ್ದರಿಂದ ಹಳೆಯ ಚೀಟಿಯೇ ಜೊತೆಗೆ ಬಂದಿತ್ತು. ನಿಯಮದ ಕಣ್ಣಿಗೆ ಅದು ಬೇರೆಯವರ ಮನೆಯ ಸಾಮಾನು, ಡೀಮನ್ ಅದನ್ನು ಮುಟ್ಟುವ ಹಾಗಿಲ್ಲ. ಒಂದು ಸಾಲಿನ ಆಜ್ಞೆ ಕೊಟ್ಟು ಚೀಟಿ ಸರಿಮಾಡಿದೆ, ರಿಪೋರ್ಟುಗಳು ಒಂದರ ಹಿಂದೊಂದು ಓಡಿದವು. ಮೇಲಿನ ವಾರ್ಡಿನ ಹಿರಿಯ ನರ್ಸು ನನಗೆಂದೇ ಚಹಾ ಕಳಿಸಿದರು. ನಾನು ಸ್ವಲ್ಪ ಉಬ್ಬಿದೆ, ಸುಳ್ಳೇಕೆ ಹೇಳಲಿ.

ಮಾರನೆಯ ದಿನ, ತಡೆದದ್ದೆಲ್ಲ ದಾಖಲಾಗುವ ಫೈಲು ತೆರೆದಾಗ ಆ ಉಬ್ಬು ಇಳಿಯಿತು. ರಿಪೋರ್ಟು ಸರಿಯಾಗಿ ಹೋಗುತ್ತಿದೆ, ಆದರೂ ತಡೆ ನಿಂತಿಲ್ಲ. ಈ ಡೀಮನ್ ತನ್ನ ಕೆಲಸ ಮುಗಿಸಿಕೊಂಡು ಹೋಗಿ, ಹಳೆಯ ರೋಗಿಗಳ ಕಡತಗಳಿರುವ ಜಾಗದ ಬಾಗಿಲು ತಟ್ಟುತ್ತಿದೆ. ನಿಯಮ ಇಲ್ಲ ಎನ್ನುತ್ತದೆ. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ತಟ್ಟುತ್ತದೆ. ಅಲ್ಲಿ ಅದಕ್ಕೇನು ಕೆಲಸ ಎಂದು ಎಂಜಿನಿಯರನ್ನು ಕೇಳಿದೆ. ಹಳೆಯ ರಿಪೋರ್ಟುಗಳು ಕಂಪನಿಗೆ ಸಿಕ್ಕರೆ ಮುಂದಿನ ಯಂತ್ರವನ್ನು ಇನ್ನೂ ಚೆನ್ನಾಗಿ ಮಾಡುತ್ತಾರಂತೆ. ಅದಕ್ಕೆ ಹೆಸರು, ವಿಳಾಸ ಯಾಕೆ ಎಂದರೆ "ಪ್ರೋಗ್ರಾಂ ಹಾಗೇ ಬರ್ದಿದಾರೆ ಸಾರ್" ಎಂದ. ಪಾಪ, ಅವನಿಗೂ ಅದರಾಚೆ ಗೊತ್ತಿಲ್ಲ. ಆ ಕಡತಗಳಲ್ಲಿ ಊರಿನ ಮುಕ್ಕಾಲು ಜನರ ಕಾಯಿಲೆಗಳಿವೆ. ನಿನ್ನ ತಂಗಿಯದೂ ಇದೆ. ಅವತ್ತು ಅವಳು ನಮ್ಮ ಅಡುಗೆಮನೆಯಲ್ಲಿ ಕೂತು ನಮ್ಮಿಬ್ಬರಿಗೆ ಹೇಳಿದ್ದು ಇವತ್ತಿಗೂ ಅವಳ ಆಫೀಸಿನಲ್ಲಿ ಯಾರಿಗೂ ತಿಳಿಯದು. ತಿಳಿದರೆ ಕೆಲಸಕ್ಕೇ ಸಂಚಕಾರ. ಆ ಫೈಲಿನ ಮುಂದೆ ಕೂತಾಗ ನನಗೆ ನಿಜವಾಗಿಯೂ ಭಯವಾಯಿತು.

ಇಷ್ಟನ್ನೂ, ನಿನ್ನ ತಂಗಿಯ ವಿಷಯವೊಂದು ಬಿಟ್ಟು, ಸಾಹೇಬರಿಗೆ ಹೇಳಿದೆ. ಅವರು ಕೆಟ್ಟವರಲ್ಲ ಎಂದು ನಿನಗೂ ಗೊತ್ತು. ಹಳೆಯ ಯಂತ್ರ ಕೈಕೊಟ್ಟಾಗ ಸಿಕ್ಕಸಿಕ್ಕವರ ಕಾಲು ಹಿಡಿದು ಇದನ್ನು ತರಿಸಿದ್ದಾರೆ. ಕಂಪನಿಯವರು ಮುನಿಸಿಕೊಂಡು ರಿಪೇರಿಗೆ ಬರದಿದ್ದರೆ ಏನು ಗತಿ ಎಂಬುದೊಂದೇ ಅವರ ಚಿಂತೆ. ಹೆಗಲ ಮೇಲೆ ಕೈಹಾಕಿ ತಮ್ಮ ಕೋಣೆಗೆ ಕರೆದುಕೊಂಡು ಹೋಗಿ ಕಾಫಿ ತರಿಸಿದರು. "ತಡೆಯೋದು ಬೇಡ ಕಣ್ರೀ, ಬರ್ಕೊಳ್ಳಲಿ ಸಾಕು. ಒಂದ್ ವಾರ ಅಷ್ಟೇ." ಅಂಥದ್ದೊಂದು ವ್ಯವಸ್ಥೆ ಇದೆ ಎಂದು ಎಂಜಿನಿಯರ್ ಅವರ ಕಿವಿಯಲ್ಲಿ ಊದಿದ್ದಾನೆ. ಹಾಗೆ ಬಿಟ್ಟರೆ ನಿಯಮ ಎಲ್ಲವನ್ನೂ ನೋಡುತ್ತದೆ, ಇಂಥದ್ದು ತಪ್ಪು ಎಂದು ಬರೆದಿಡುತ್ತದೆ, ಯಾರ ಕೈಯನ್ನೂ ಹಿಡಿಯುವುದಿಲ್ಲ. ಕೇಳಿ ನಗು ಬಂತು. ಈ ಮನೆಯಲ್ಲಿ ನಾನು ಇಷ್ಟು ವರ್ಷ ಮಾಡಿಕೊಂಡು ಬಂದದ್ದೂ ಅದನ್ನೇ.

ನಿಯಮವನ್ನು ಹಾಗೆ ಸಡಿಲಿಸಬೇಕಾದರೆ ಪಾಸ್‌ವರ್ಡಿನ ಎರಡೂ ಅರ್ಧ ಬೇಕು, ಆ ಪಾಸ್‌ವರ್ಡನ್ನೇ ಬದಲಾಯಿಸಬೇಕಾದರೂ ಎರಡೂ ಬೇಕು. ಒಂದು ನಿನ್ನಲ್ಲಿ, ಒಂದು ನನ್ನಲ್ಲಿ. ಇಲ್ಲಿಂದ ಹೊರಡುವ ಮೊದಲು ನೀನು ನಮ್ಮ ಆಸ್ಪತ್ರೆಗೆ ಈ ಕಟ್ಟುಪಾಡು ಮಾಡಿದಾಗ ನಾನು ಮುಖ ಊದಿಸಿಕೊಂಡು ತಿರುಗಿದ್ದು ನೆನಪಿದೆ. "ನಿನ್ ಮೇಲೆ ನಂಬಿಕೆ ಇದೆ, ನಿನ್ ದಾಕ್ಷಿಣ್ಯದ ಮೇಲಿಲ್ಲ" ಎಂದು ನೀನು ಹೇಳಿದ್ದೆ. ಅದನ್ನೆಲ್ಲ ಸಾಹೇಬರಿಗೆ ವಿವರಿಸಿದೆ. ತಲೆಯಾಡಿಸುತ್ತಾ ಕೇಳಿದರು, ಕೇಳಿ ಮುಗಿಸಿ ಮತ್ತೆ ಮೊದಲಿನ ಮಾತಿಗೇ ಬಂದರು. ಭಾನುವಾರ ಹೇಗೂ ನಿಮ್ಮ ಮನೆಯವರಿಗೆ ಫೋನ್ ಮಾಡುತ್ತೀರಲ್ಲ, ನಾನೂ ಬರುತ್ತೇನೆ, ಕೇಳೇಬಿಡೋಣ ಎಂದರು. ನಾನು ಆಯ್ತು ಸಾರ್ ಎಂದೆ.

ಅಮ್ಮ ನಿನಗೆ ಆಶೀರ್ವಾದ ಹೇಳಿದ್ದಾಳೆ, ಸಂಜೆ ಸಮುದ್ರದ ಗಾಳಿಗೆ ಶಾಲು ಹೊದ್ದುಕೊಳ್ಳದೆ ತಿರುಗಬೇಡವಂತೆ. ನನ್ನ ಕಡೆಯಿಂದ ಹೇಳುವುದು ಇಷ್ಟೇ, ನೀನಿಲ್ಲದೆ ಬೇಸರವಾಗಿದೆ. ಎರಡು ತಟ್ಟೆ ತೊಳೆದಿಡುವಾಗ ಮೂರನೆಯದು ಎಲ್ಲಿ ಎಂದು ಹುಡುಕುತ್ತೇನೆ. ಗಂಟಲಿಗೆ ಬಿಸಿನೀರು ಕುಡಿ, ಡಾಕ್ಟರಿಗೆ ತೋರಿಸು. ಈ ಪತ್ರ ಶುಕ್ರವಾರದ ದೋಣಿ ಹತ್ತಿದರೆ ಶನಿವಾರ ನಿನ್ನ ಕೈಯಲ್ಲಿರುತ್ತದೆ.

ನಿನ್ನವನೇ,
ನೀನೇ ಹೆಸರಿಟ್ಟ ದಾಕ್ಷಿಣ್ಯರಾಯ

ಮರೆತ ಮಾತು: ಅಂಚೆಯವನು ಡಬ್ಬಿ ಖಾಲಿ ಮಾಡುತ್ತಿದ್ದಾನೆ, ಗೋಡೆಗೆ ಒತ್ತಿಕೊಂಡು ಬರೆಯುತ್ತಿದ್ದೇನೆ. ಭಾನುವಾರ ನಾನು ನಿನ್ನ ಅರ್ಧ ಕೇಳುತ್ತೇನೆ. ಸಾಹೇಬರು ಪಕ್ಕದಲ್ಲೇ ಇರುತ್ತಾರೆ, ಸ್ಪೀಕರ್ ಹಾಕಿರುತ್ತಾರೆ. ಅವರೆದುರು ನಾನು ಗೋಗರೆದರೂ ಗೋಗರೆದೇನು. ಕೊಡಬೇಡ. ನನ್ನ ಮುಖ ಉಳಿಸಲಿಕ್ಕೆಂದೂ ಕೊಡಬೇಡ. ಅವತ್ತು ಕಾಫಿ ಮುಗಿಯುವಷ್ಟರಲ್ಲಿ ನನ್ನ ಅರ್ಧವನ್ನು ಅವರಿಗೆ ಹೇಳಿಬಿಟ್ಟಿದ್ದೇನೆ.