ಹುನ್ನೂರಿನ ಮದುವೆಗೆ ಯಾವ ಲೆನ್ಸ್

ಬನಹಟ್ಟಿ
೧೪ ಏಪ್ರಿಲ್ ೨೦೧೩

ಮುಧೋಳದ ಫೋಟೋಗ್ರಾಫರ್ ಅಕ್ಕಾರಿಗೆ ಬನಹಟ್ಟಿಯ ಹಳೇ ಫೋಟೋಗ್ರಾಫರ್ ತಂಗೆವ್ವ ಕೈ ಮುಗಿದು ಬರೆಯುವುದು.

ನಗಬೇಡ ಶೀತಲ್, ಖರೆನೇ ಕೈ ಮುಗಿದಿದ್ದೇನೆ. ನಿನ್ನ ಅಂಗಡಿಯ ಬೋರ್ಡನ್ನು ನಾನಿನ್ನೂ ಕಣ್ಣಾರೆ ನೋಡಿಲ್ಲ. ನಿನ್ನ ತಮ್ಮ ಯಲ್ಲಾಲಿಂಗ ಮೊಬೈಲಿನಲ್ಲಿ ಹಿಡಿದುಕೊಂಡು ಬಂದು ತೋರಿಸಿದ. 'ಶೀತಲ್ ಫೋಟೋ ಸ್ಟುಡಿಯೋ' ಅಂತ ಅಷ್ಟಷ್ಟು ದೊಡ್ಡ ಅಕ್ಷರ! ಓಣಿಯಲ್ಲಿ ಯಾರಿಗೆ ತೋರಿಸಿಲ್ಲ ಕೇಳು. ನಿಮ್ಮಪ್ಪ ಅದನ್ನು ಶೆಡ್ಡಿಗೂ ಒಯ್ದು, ನಡೆಯುತ್ತಿದ್ದ ಮಗ್ಗ ನಿಲ್ಲಿಸಿ, ಎಲ್ಲರ ಮೂಗಿನ ಮುಂದೆ ಹಿಡಿದರಂತೆ. ಇಪ್ಪತ್ತು ವರ್ಷದಲ್ಲಿ ಗಿರಮಲ್ಲಪ್ಪ ತಾನಾಗಿ ಮಗ್ಗ ನಿಲ್ಲಿಸಿದ್ದು ಇದೇ ಮೊದಲು ಎಂದು ಮಾಲೀಕರೇ ನನಗೆ ಹೇಳಿದರು.

ಯಲ್ಲಾಲಿಂಗನ ಕೈಯಲ್ಲಿ ನೀನು ಕೊಟ್ಟು ಕಳಿಸಿದ ಚೀಟಿ ಓದಿದೆ. ಯಾವ ಲೆನ್ಸ್ ತಗೊಳ್ಳಲಿ, ಎಷ್ಟು ಫ್ಲ್ಯಾಶ್ ಬೇಕು ಎಂದು ಎರಡು ಪುಟ ಕೇಳಿದ್ದೀ. ಕೊನೆಯಲ್ಲಿ ಸಣ್ಣ ಅಕ್ಷರದಲ್ಲಿ ಒಂದು ಸಾಲು: 'ಹುನ್ನೂರಿನ ಮದುವೆ ಬೇರೆ ಯಾರಿಗಾದರೂ ಹೇಳವ್ವಾ, ಆ ಮನೆಗೆ ನಾನು ಯಾವ ಮುಖ ಹೊತ್ತು ಹೋಗಲಿ?' ಫೋನಿನಲ್ಲಿ ಉತ್ತರ ಕೊಡಬಹುದಿತ್ತು. ಆದರೆ ಫೋನಿನಲ್ಲಿ ನೀನು "ಹೂಂನಬೇ, ಹೂಂನಬೇ" ಅಂತೀ, ಆಮೇಲೆ ನಿನಗೆ ತಿಳಿದದ್ದನ್ನೇ ಮಾಡುತ್ತೀ. ಕಾಗದಕ್ಕೆ ನಡುವೆ ಬಾಯಿ ಹಾಕಲು ಬರುವುದಿಲ್ಲ. ಹುನ್ನೂರಿನ ಮಾತಿಗೆ ಬರುತ್ತೇನೆ. ಮೊದಲು ಲೆನ್ಸಿನದು ಮುಗಿಸೋಣ.

ಕೊಲ್ಹಾಪುರದಲ್ಲಿ ಎರಡು ವರ್ಷ ಕಲಿತು ಬಂದವಳು ನನ್ನನ್ನು ಕೇಳುತ್ತೀಯಲ್ಲ, ಅದೇ ನನಗೆ ದೊಡ್ಡ ಸನ್ಮಾನ. ಜಮಖಂಡಿಯ ಹುಡುಗರೆಲ್ಲ ಹೆಗಲಿಗೆ ಹಾಕಿಕೊಂಡು ತಿರುಗುವ ಆ ಉದ್ದನೆಯ ಲೆನ್ಸ್ ಮೇಲೆ ನಿನಗೂ ಕಣ್ಣು ಬಿದ್ದಿದೆ ಎಂದು ಗೊತ್ತಾಯಿತು. ಅದು ಈಗಲೇ ಬೇಡ. ನಮ್ಮ ಮದುವೆಯಲ್ಲಿ ಅಷ್ಟು ಹಿಂದೆ ಸರಿದು ನಿಲ್ಲಲು ಜಾಗ ಎಲ್ಲಿದೆ? ನೀನು ಹಿಂದೆ ಸರಿದಷ್ಟೂ ಮುಂದೆ ಆರು ಮಂದಿ ಅತ್ತೆಯಂದಿರು ಬಂದು ಕೂರುತ್ತಾರೆ. ಬೆನ್ನು, ತುರುಬು ಬಿಟ್ಟು ಬೇರೇನೂ ಸಿಗುವುದಿಲ್ಲ. ಇಪ್ಪತ್ನಾಲ್ಕರಿಂದ ಎಪ್ಪತ್ತು ಎಂ.ಎಂ.ವರೆಗಿನ ಜೂಮ್ ಒಂದು ಛಲೋದು ತಗೋ. ಗುಂಪಿಗೂ ಆಗುತ್ತದೆ, ತಾಳಿ ಕಟ್ಟುವ ಕೈಗೂ ಆಗುತ್ತದೆ. ಗುಂಪಿನ ಫೋಟೋಕ್ಕೆ ಮಾತ್ರ ಪೂರ್ತಿ ಅಗಲಕ್ಕೆ ತಿರುಗಿಸಬೇಡ, ಸಾಲಿನ ತುದಿಯಲ್ಲಿ ನಿಂತವರು ದಪ್ಪಗೆ ಕಾಣುತ್ತಾರೆ. ನಮ್ಮಲ್ಲಿ ತುದಿಗೆ ನಿಲ್ಲುವವನು ಯಾವಾಗಲೂ ಸೋದರಮಾವ. ಅವನನ್ನು ದಪ್ಪ ಮಾಡಿದರೆ ಆಲ್ಬಮ್ ಅಂಗಡಿಗೆ ವಾಪಸ್ ಬರುತ್ತದೆ.

ಒಬ್ಬೊಬ್ಬರ ಮುಖಕ್ಕೆ ಎಂಬತ್ತೈದರ ಲೆನ್ಸ್. ಅದು ಮುಖವನ್ನು ಇದ್ದ ಹಾಗೇ ಇಡುತ್ತದೆ, ಮೂಗು ದೊಡ್ಡದು ಮಾಡುವುದಿಲ್ಲ. ವಯಸ್ಸಾದ ಹೆಣ್ಣುಮಕ್ಕಳ ಹತ್ತಿರ ಕ್ಯಾಮೆರಾ ಮೂಗಿಗೆ ತಾಗುವ ಹಾಗೆ ಹೋಗಬೇಡ, ನಾಲ್ಕು ಹೆಜ್ಜೆ ದೂರ ನಿಂತು ಮಾತಾಡಿಸು. ಮಗ್ಗ ಇರುವ ಮನೆಗಳಲ್ಲಿ ಅರ್ಧ ಕೋಣೆ ಮಗ್ಗವೇ ನುಂಗಿರುತ್ತದೆ, ಅಲ್ಲಿ ಎಂಬತ್ತೈದಕ್ಕೆ ಜಾಗ ಸಾಲುವುದಿಲ್ಲ. ಅಂಥಲ್ಲಿ ಐವತ್ತರದು. ನನ್ನ ಹಳೆಯ ಐವತ್ತರ ಲೆನ್ಸನ್ನೇ ಈ ಕಾಗದದ ಜೊತೆ ಕಳಿಸುತ್ತಿರುವ ಚೀಲದಲ್ಲಿ ಇಟ್ಟಿದ್ದೇನೆ. ನಿನ್ನ ಹೊಸ ಕ್ಯಾಮೆರಾಕ್ಕೂ ಕೂರುತ್ತದೆ, ಫೋಕಸ್ ಮಾತ್ರ ಕೈಯಿಂದ ತಿರುಗಿಸಬೇಕು.

ಇನ್ನು ಫ್ಲ್ಯಾಶ್. ಮುಖಕ್ಕೆ ನೇರ ಹೊಡೆಯಬೇಡ, ಮೇಲಕ್ಕೆ ತಿರುಗಿಸಿ ಹೊಡಿ ಎಂದು ನಿನಗೆ ಕಲಿಸಿರುತ್ತಾರೆ. ಕೊಲ್ಹಾಪುರದ ಹಾಲ್‌ಗಳಲ್ಲಿ ಸೂರು ಬಿಳಿ ಇರುತ್ತದೆ, ಅಲ್ಲಿ ನಡೆಯುತ್ತದೆ. ಇಲ್ಲಿ ಮೇಲೆ ಇರುವುದು ಪೆಂಡಾಲಿನ ಬಟ್ಟೆ. ತೇರದಾಳದ ಒಂದು ಮದುವೆಯಲ್ಲಿ ಹಸಿರು ಪೆಂಡಾಲಿನ ಕೆಳಗೆ ನಾನು ಹಾಗೆ ಹೊಡೆದೆ. ಬೆಳಕು ಹಸಿರಾಗಿ ಕೆಳಗೆ ಬಿತ್ತು, ಮದುಮಗನೂ ಹಸಿರಾದ. ಅವನ ಅತ್ತೆ ಆಲ್ಬಮ್ ಬಿಚ್ಚಿದವಳೇ "ಅಯ್ಯ ಬಾಯಾರ, ನಮ್ಮ ಅಳಿಯಾನ್ನ ಗಿಳಿ ಮಾಡೀರಲ್ರೀ!" ಎಂದು ಬಾಯಿ ಬಾಯಿ ಬಡಿದುಕೊಂಡಳು. ಅದಕ್ಕೇ ನಿಮ್ಮಪ್ಪ ತಮ್ಮ ಮಗ್ಗದ ಬಿಳಿ ಬಟ್ಟೆ ನಾಲ್ಕು ಮೀಟರ್ ಕತ್ತರಿಸಿ ಮಡಚಿ ಇಟ್ಟಿದ್ದಾರೆ. ಅದನ್ನು ಮೇಲೆ ಕಟ್ಟಿಸು, ಇಲ್ಲವೆ ಪಕ್ಕದಲ್ಲಿ ಯಾರಿಗಾದರೂ ಹಿಡಿಯಲು ಹೇಳು. ಫ್ಲ್ಯಾಶನ್ನು ಅದಕ್ಕೆ ಹೊಡಿ, ಮುಖದ ಮೇಲೆ ಬೆಳಕು ಮೆತ್ತಗೆ ಬೀಳುತ್ತದೆ. ಫ್ಲ್ಯಾಶ್ ಎರಡು ಇರಲಿ. ಒಂದು ಕೈಕೊಟ್ಟರೆ ಬೀಗರ ಮುಂದೆ ನಿಂತು ಹಲ್ಲು ಗಿಂಜಬಾರದು. ಸೆಲ್‌ಗಳನ್ನು ನಾಲ್ಕು ನಾಲ್ಕು ಜೊತೆ ಮಾಡಿ ದಾರ ಸುತ್ತಿದ್ದೇನೆ, ಕಲಸಬೇಡ.

ಇಷ್ಟೆಲ್ಲ ಯಾಕೆ ಕೊರೆಯುತ್ತಿದ್ದಾಳೆ ಅವ್ವ ಎಂದು ನಿನಗೆ ಅನುಮಾನ ಬಂದಿರಬೇಕು. ಬಂದಿದ್ದರೆ ಸರಿಯಾಗಿಯೇ ಬಂದಿದೆ. ಹೇಳಬೇಕಾದದ್ದು ಬಾಯಿಗೆ ಬರದಿದ್ದಾಗ ನಾನು ಸೆಲ್ಲು, ಬಟ್ಟೆ, ಸೋದರಮಾವ ಎಂದು ಸುತ್ತು ಹಾಕುತ್ತೇನೆ. ಆಯಿತು, ಹೇಳಿಬಿಡುತ್ತೇನೆ. ಹುನ್ನೂರಿನ ಆ ಹಳೆಯ ಮದುವೆಯ ಫೋಟೋ ಕೆಡಿಸಿದವಳು ನೀನಲ್ಲ. ನಾನು.

ನಿನಗೆ ಆಗ ಒಂಬತ್ತು ವರ್ಷ. ತೊಂಬತ್ತೊಂಬತ್ತರ ಮೇ ತಿಂಗಳು. ಅಮಸಿದ್ದಪ್ಪನವರ ಹಿರಿಯ ಮಗನಿಗೆ ಸಾತವ್ವನನ್ನು ತಂದುಕೊಂಡ ಮದುವೆ. ಅದಕ್ಕೂ ಒಂದು ವರ್ಷ ಹಿಂದೆ ನಾನು ಬೀಳಗಿ ಕಡೆ ಅಣೆಕಟ್ಟಿನ ನೀರಿಗೆ ಮುಳುಗಡೆಯಾಗಲಿದ್ದ ಊರುಗಳಲ್ಲಿ ಮನೆ ಮುಂದೆ ಜನರನ್ನು ನಿಲ್ಲಿಸಿ ಫೋಟೋ ತೆಗೆಯುತ್ತಿದ್ದೆ. ಇದ್ದದ್ದು ಈ ಐವತ್ತರ ಲೆನ್ಸ್ ಒಂದೇ. ಇಡೀ ಮನೆ ಹಿಡಿಸಬೇಕು ಎಂದು ಹಿಂದೆ ಹಿಂದೆ ಸರಿದು ಒಂದು ಸಲ ತಿಪ್ಪೆಗುಂಡಿಗೆ ಬಿದ್ದೆ. ಮನೆ ಬಿಡುವ ದುಃಖದಲ್ಲಿದ್ದ ಮಂದಿಯೂ ಹೊಟ್ಟೆ ಹಿಡಿದು ನಕ್ಕರು. ಆ ಸಿಟ್ಟಿಗೇ ಅಗಲದ ಲೆನ್ಸ್ ಒಂದನ್ನು ಕೊಂಡೆ. ಅದನ್ನು ಮೊದಲ ಸಲ ಮದುವೆಗೆ ಒಯ್ದದ್ದು ಹುನ್ನೂರಿಗೆ.

ಅಲ್ಲಿ ಜಮಖಂಡಿಯಿಂದ ಬಂದ ವಿಡಿಯೋದವನೊಬ್ಬ ನನ್ನನ್ನು ನೋಡಿ "ಹೆಣ್ಮಕ್ಳು ಯಾವಾಗಿಂದ ಮದವಿ ಫೋಟೋ ಹೊಡ್ಯಾಕತ್ರೀ?" ಎಂದು ಎಲ್ಲರಿಗೆ ಕೇಳುವ ಹಾಗೆ ಅಂದ. ನನಗೆ ಮೈಯೆಲ್ಲ ಉರಿಯಿತು. ನನ್ನ ಹತ್ತಿರ ಎರಡು ಲೆನ್ಸ್ ಇವೆ ಎಂದು ಅವನಿಗೆ ತೋರಿಸಬೇಕಿತ್ತು. ಅಷ್ಟೇ ನೋಡು ನನ್ನ ಹಟ. ಅದನ್ನು ಬಿಚ್ಚಿ ಇದನ್ನು ಹಾಕುವುದು, ಇದನ್ನು ಬಿಚ್ಚಿ ಅದನ್ನು ಹಾಕುವುದು. ಐವತ್ತರ ಲೆನ್ಸಿನ ಹಿಂದಿನ ಮುಚ್ಚಳ ಗದ್ದಲದಲ್ಲಿ ಎಲ್ಲೋ ಬಿತ್ತು. ನಾನು ಹುಡುಕಲಿಲ್ಲ, ಲೆನ್ಸನ್ನು ಹಾಗೇ ಉಡಿಯಲ್ಲಿ ಸಿಕ್ಕಿಸಿಕೊಂಡೆ.

ನಮ್ಮವರ ಮದುವೆ ನಿನಗೆ ಗೊತ್ತಲ್ಲ. ಬೀರಪ್ಪ ದೇವರ ಹೆಸರು ಹೇಳಿ ಅಕ್ಕಿಕಾಳಿನ ಜೊತೆ ಅರಿಶಿನದ ಭಂಡಾರವನ್ನೂ ಹಾರಿಸಿದರೆಂದರೆ ಪೆಂಡಾಲೆಲ್ಲ ಹಳದಿ. ಆ ಹೊತ್ತಿನಲ್ಲೇ ನಾನು ಲೆನ್ಸ್ ಬದಲಿಸಿದೆ. ಉಡಿಯಿಂದ ಐವತ್ತರದು ತೆಗೆದರೆ ಹಿಂದಿನ ಗಾಜಿಗೆ ಭಂಡಾರ ಮೆತ್ತಿತ್ತು. ತಲೆಯ ಕೊಬ್ಬರಿ ಎಣ್ಣೆ ಹತ್ತಿದ ಸೆರಗಿನಿಂದ ಒಂದು ಸಲ ಒರೆಸಿ, ಕ್ಯಾಮೆರಾಕ್ಕೆ ಹಾಕಿ ಹೊಡೆಯುತ್ತ ಹೋದೆ. ಪ್ರಿಂಟ್ ಬಂದಾಗ ನೋಡಿದರೆ ಸಾತವ್ವನ ಮುಖ ಇದ್ದ ಪ್ರತಿ ಫೋಟೋದಲ್ಲೂ ನಡುವೆ ಹಳದಿ ಮಬ್ಬು. ತಾಳಿ ಇಲ್ಲ, ಕಣ್ಣಿಲ್ಲ, ಏನೂ ಇಲ್ಲ.

ಅಮಸಿದ್ದಪ್ಪನವರು ಅಂಗಡಿಗೆ ಬಂದು ಫೋಟೋಗಳನ್ನು ಒಂದೊಂದಾಗಿ ತಿರುವಿ ನೋಡಿ "ಹಿಂಗ್ಯಾಕ ಆತ್ರೆವ್ವಾ?" ಎಂದು ಮೆಲ್ಲಗೆ ಕೇಳಿದರು. ಬೈದಿದ್ದರೆ ನಾನೂ ಬೈದುಬಿಡುತ್ತಿದ್ದೆ. ಅವರು ಬೈಯಲಿಲ್ಲ. ನನ್ನ ಕೈಯಿಂದ ಕೆಟ್ಟಿತು ಅಂದರೆ ಹೆಂಗಸು ಫೋಟೋಗ್ರಾಫರ್ ಎಂಬ ಮಾತು ಅಲ್ಲಿಗೆ ಮುಗಿಯಿತು, ಆ ವಿಡಿಯೋದವನು ಊರೂರಿಗೆ ಹೇಳಿಕೊಂಡು ನಗುತ್ತಾನೆ ಎಂದು ನನಗೆ ಹೆದರಿಕೆ. ನಿನ್ನನ್ನು ಒಳಗಿನಿಂದ ಕರೆದು ಅವರ ಮುಂದೆ ನಿಲ್ಲಿಸಿ "ಈಕಿ ಅವತ್ತ ಮುಂಜಾನೆ ಅವಲಕ್ಕಿ ತಿಂದ ಕೈಲೆ ಲೆನ್ಸ್ ಮುಟ್ಟ್ಯಾಳ್ರೀ" ಅಂದೆ. ನೀನು ಅವತ್ತು ಬೆಳಿಗ್ಗೆ ಕ್ಯಾಮೆರಾ ಹಿಡಿದದ್ದು ಖರೆ, ಅದಕ್ಕೇ ನೀನೂ ನಂಬಿದೆ. ಎರಡೂ ಕೈ ಬೆನ್ನ ಹಿಂದೆ ಮುಚ್ಚಿಟ್ಟುಕೊಂಡೆ. ಅವರು "ಇರ್ಲಿ ಬಿಡ್ರೆವ್ವಾ, ಕೂಸು. ಬೈಬ್ಯಾಡ್ರಿ" ಎಂದು ನಿನ್ನ ತಲೆ ಸವರಿ ಹೋದರು.

ಆವಾಗ ನನಗೂ ಗಾಬರಿಯಲ್ಲಿ ಅದು ನಿನ್ನ ಕೈಯಿಂದಲೇ ಆಗಿರಬೇಕು ಅನ್ನಿಸಿತ್ತು. ತಿಂಗಳ ಮೇಲೆ ಲೆನ್ಸ್ ಬಿಚ್ಚಿಸಿದಾಗ ಅಂಚಿನಲ್ಲಿ ಭಂಡಾರ ಕಂಡು ತಿಳಿಯಿತು. ತಿಳಿದ ಮೇಲೂ ಬಾಯಿ ಬಿಡಲಿಲ್ಲ.

ಕಳೆದ ವರ್ಷ ಕೊಲ್ಹಾಪುರದಲ್ಲಿ ನಿನ್ನ ಮಾಸ್ತರರು ನನ್ನನ್ನು ಕೂರಿಸಿ ಚಹಾ ಕೊಟ್ಟು ನಿನ್ನನ್ನು ಹೊಗಳಿದ್ದೇ ಹೊಗಳಿದ್ದು. ಮುಖಗಳನ್ನು ಇಷ್ಟು ಚೆಂದ ತೆಗೆಯುವವರು ತಮ್ಮ ಅಂಗಡಿಯಲ್ಲಿ ಇನ್ನೊಬ್ಬರಿಲ್ಲ ಎಂದರು. ನಾನು ಹಿಗ್ಗಿ ಹೀರೇಕಾಯಿ ಆಗಿದ್ದೆ. ಆಮೇಲೆ, ನಿಮ್ಮ ಮಗಳು ಎರಡೆರಡು ಸಲ ಸೋಪು ಹಚ್ಚಿ ಕೈ ತೊಳೆಯದೆ ಕ್ಯಾಮೆರಾ ಮುಟ್ಟುವುದಿಲ್ಲ, ಈ ಶಿಸ್ತು ಯಾರು ಕಲಿಸಿದರು ಎಂದು ಕೇಳಿದರು. 'ನಾನೇ' ಅಂದೆ. ಬಸ್ಸಿನಲ್ಲಿ ಊರು ಮುಟ್ಟುವವರೆಗೆ ಸೆರಗು ಬಾಯಿಗೆ ಒತ್ತಿಕೊಂಡು ಅತ್ತೆ.

ಮೊನ್ನೆ ನಿನ್ನ ಚೀಟಿ ಓದಿದ ಮರುದಿನ ಹುನ್ನೂರಿಗೆ ಹೋದೆ. ಈಗಿನ ಮದುಮಗ ಪರಮಾನಂದ ಸಾತವ್ವನ ಮೈದುನ. ಅವನ ಮದುವೆಯ ಓಡಾಟವೆಲ್ಲ ಅವಳದೇ, ನಿನ್ನನ್ನೇ ಕರೆಸಬೇಕು ಎಂದು ಹಟ ಹಿಡಿದವಳೂ ಅವಳೇ. ಅವಳ ಮುಂದೆ, ಅಮಸಿದ್ದಪ್ಪನವರ ಮುಂದೆ, ಇದ್ದದ್ದು ಇದ್ದ ಹಾಗೆ ಹೇಳಿದೆ. ಸಾತವ್ವ ಒಳಗೆ ಹೋಗಿ ದೇವರ ಮಾಡದಿಂದ ಒಂದು ಫೋಟೋ ತಂದಳು. ಅದೇ ಹಳದಿ ಮಬ್ಬಿನದು, ಕಟ್ಟು ಹಾಕಿಸಿ ಇಟ್ಟಿದ್ದಾಳೆ. "ಮಕದ ಮ್ಯಾಲ ಭಂಡಾರ ಬಿದ್ದೈತಿ ಅಂತ ನಾ ಇದನ್ನ ಪೂಜಿ ಮಾಡಾಕತ್ತೇನ್ರೀ ಅಕ್ಕಾರ. ಫೋಟೋ ಕೆಟ್ಟದ್ದಕ ನಂಗೇನೂ ಇಲ್ಲ. ಆದ್ರ ಆ ಕೂಸಿಗೆ ಯಾಕ ಹಂಗ ಅಂದ್ರೀ?" ಎಂದು ಕೇಳಿದಳು. ಅಮಸಿದ್ದಪ್ಪನವರು ಆ ಫೋಟೋವನ್ನು ಅವಳ ಕೈಯಿಂದ ತೆಗೆದುಕೊಂಡು, "ಇದನ್ನ ನಮಗ್ಯಾಕ ಹೇಳ್ತೀರೆವ್ವಾ, ಆಕಿಗೆ ಹೇಳ್ರಿ" ಎಂದರು. ಅದಕ್ಕೇ ಕುಳಿತು ಬರೆಯುತ್ತಿದ್ದೇನೆ.

ಶೀತಲ್, ಇಪ್ಪತ್ತೆಂಟಕ್ಕೆ ನೀನು ಹುನ್ನೂರಿಗೆ ಹೋಗು. ತಲೆ ಎತ್ತಿಕೊಂಡು ಹೋಗು. ಜೂಮ್ ಒಂದು ಕ್ಯಾಮೆರಾದಲ್ಲಿ, ಎಂಬತ್ತೈದರದು ಇನ್ನೊಂದರಲ್ಲಿ ಇರಲಿ. ನನ್ನ ಕ್ಯಾಮೆರಾನೂ ಚೀಲದಲ್ಲಿದೆ. ಭಂಡಾರ ಹಾರಿಸಿ ಮುಗಿಯುವವರೆಗೆ ಯಾರು ಏನೇ ಅಂದರೂ ಲೆನ್ಸ್ ಬಿಚ್ಚಬೇಡ. ಬಿಳಿ ಬಟ್ಟೆ ಹಿಡಿಯಲು ನಾನು ಬರುತ್ತೇನೆ. ಎಲ್ಲಿ ನಿಲ್ಲಬೇಕು, ಎಷ್ಟು ಎತ್ತರ ಹಿಡಿಯಬೇಕು ಎಂದು ನೀನು ಹೇಳು, ಸರಿಯಾಗಿ ಹಿಡಿಯದಿದ್ದರೆ ಎಲ್ಲರೆದುರಿಗೇ ಬೈ. ಯಾರಾದರೂ ಈ ಬಾಯಾರು ಯಾರು ಎಂದು ಕೇಳಿದರೆ 'ನಾನು ಶೀತಲ್ ಅವರ ಕೈಕೆಳಗೆ ಕೆಲಸಕ್ಕೆ ಇದ್ದೇನೆ' ಎಂದು ನಾನೇ ಹೇಳುತ್ತೇನೆ. ಹಾಗೆ ಹೇಳುವ ದಿನ ಯಾವಾಗ ಬರುತ್ತದೋ ಎಂದು ಎಷ್ಟು ಆಸೆ ಇಟ್ಟುಕೊಂಡಿದ್ದೆ ಅಂತ ನಿನಗೆ ಗೊತ್ತಿಲ್ಲ. ನೀನು ಬರಬೇಡ ಅಂದರೂ ಬೇಜಾರಿಲ್ಲ, ಬಟ್ಟೆಯನ್ನು ಯಲ್ಲಾಲಿಂಗನ ಕೈಗೆ ಕೊಡು. ಆದರೆ ಮದುವೆ ಬಿಡಬೇಡ.

ನಿನ್ನ ಕೈಗಳ ಮೇಲೆ ತಪ್ಪು ಹೊರಿಸಿದವಳೂ, ಆ ಕೈಗಳನ್ನು ಕಂಡು ಎದೆಯುಬ್ಬಿಸಿ ತಿರುಗುವವಳೂ ಆದ,
ನಿನ್ನ ಅವ್ವ
ತಂಗೆವ್ವ

ತಾ.ಕ.: ಮೇಲೆ ಒಂದು ಸುಳ್ಳು ಬರೆದಿದ್ದೇನೆ. ಹರಿದು ಮತ್ತೆ ಬರೆಯೋಣ ಅಂದುಕೊಂಡೆ, ಬೇಡ, ನೀನು ಅದನ್ನೂ ನೋಡು. ಗಾಬರಿಯಲ್ಲಿ ನಿನ್ನ ತಪ್ಪೇ ಅನ್ನಿಸಿತು ಎಂದೆನಲ್ಲ, ಅದು ಸುಳ್ಳು. ಚೀಲದ ಪಕ್ಕದ ಜೇಬಿನಲ್ಲಿ ಒಂದು ಪ್ರಿಂಟ್ ಇದೆ, ತೆಗೆದು ನೋಡು. ಆ ರೋಲಿನ ಮೊದಲ ಫೋಟೋ ಅದು. ಮದುವೆಯ ದಿನ ಬೆಳಿಗ್ಗೆ ನಾನು ಬಾಗಿಲಲ್ಲಿ ನಿಂತು ತುರುಬು ಕಟ್ಟುತ್ತ, ಹಲ್ಲಿನಲ್ಲಿ ಪಿನ್ ಕಚ್ಚಿಕೊಂಡು "ಇಡಬೇ ಅದನ್ನ ಕೆಳಗ" ಎಂದು ನಿನ್ನನ್ನು ಗದರುತ್ತಿದ್ದಾಗ ನೀನು ಹೊಡೆದದ್ದು. ಅದೇ ರೋಲು, ಅದೇ ಐವತ್ತರ ಲೆನ್ಸು, ನಿನ್ನ ಅದೇ ಅವಲಕ್ಕಿ ಕೈ. ಎಲ್ಲೂ ಮಬ್ಬಿಲ್ಲ, ಪಿನ್ನುಗಳನ್ನು ಎಣಿಸಬಹುದು. ಅಮಸಿದ್ದಪ್ಪನವರು ಬರುವ ಹಿಂದಿನ ದಿನವೇ ಇದು ನನ್ನ ಕೈಗೆ ಬಂದಿತ್ತು, ಎಲ್ಲ ಗೊತ್ತಿದ್ದೇ ನಿನ್ನನ್ನು ಕರೆದು ನಿಲ್ಲಿಸಿದೆ. ಹದಿನಾಲ್ಕು ವರ್ಷ ಇದನ್ನು ಅಂಗಡಿಯ ಗಲ್ಲಾಪೆಟ್ಟಿಗೆಯ ಕೆಳಗೆ ಮುಚ್ಚಿಟ್ಟುಕೊಂಡು, ಯಾರೂ ಇಲ್ಲದಾಗ ತೆಗೆದು ನೋಡುತ್ತಿದ್ದೆ. ನನ್ನನ್ನು ಇಷ್ಟು ಚೆಂದ ಇನ್ನಾರೂ ತೆಗೆದಿಲ್ಲ. ಹಿಂದುಗಡೆ ಬರೆದಿದ್ದೇನೆ: 'ಫೋಟೋ: ಶೀತಲ್, ವಯಸ್ಸು ಒಂಬತ್ತು.' ನಿನ್ನ ಅಂಗಡಿಯ ಗೋಡೆಗೆ ಮೊದಲು ಅದನ್ನು ಹಾಕು.