ಇಸ್ತ್ರಿ ಯಂತ್ರದ ಮುಂದಿನ ಅರಾಜಕತಾವಾದಿ

ಮಾನ್ಯ ಆಡಳಿತಾಧಿಕಾರಿಗಳೇ,

ತಮ್ಮ ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ದುಡಿಯುವ ನನ್ನ ಅಕ್ಕನನ್ನು ತಾವು ಅಮಾನತು ಮಾಡಿದ್ದೀರಿ. ಕಾರಣ, ಅವಳು ‘ಅರಾಜಕತಾವಾದಿ’ಯಂತೆ. ಆದೇಶ ಓದಿ ಮನೆಯವರೆಲ್ಲ ಮುಖ ಮುಖ ನೋಡಿಕೊಂಡೆವು. ನಮ್ಮ ಮನೆಯಲ್ಲಿ ಚಪ್ಪಲಿ ಒಂದು ಗೇಣು ಆಚೀಚೆಯಾದರೂ ಅವಳ ಕಣ್ಣು ಕೆಂಪಾಗುತ್ತದೆ. ಅವಳು ಅರಾಜಕತಾವಾದಿ ಎಂದು ಮೊದಲೇ ತಿಳಿಸಿದ್ದರೆ ನಾವೂ ಸ್ವಲ್ಪ ಸುಖವಾಗಿ ಬಾಳುತ್ತಿದ್ದೆವು.

ನಡೆದದ್ದು ತಮಗೆ ಗೊತ್ತು, ಊರಿಗೂ ಗೊತ್ತಾಗಲಿ. ಬೆಡ್‌ಶೀಟ್ ಇಸ್ತ್ರಿ ಮಾಡುವ ಯಂತ್ರದ ಮುಂದಿನ ಕೆಲಸವೆಂದರೆ ಒಲೆಗೆ ಮುಖ ಕೊಟ್ಟು ನಿಂತಂತೆ. ಹಾಗಾಗಿ ಅಲ್ಲಿನ ಹೆಂಗಸರು ತಮ್ಮಲ್ಲೇ ಸರದಿ ಮಾಡಿಕೊಂಡಿದ್ದರು. ಒಂದು ಗಾಡಿ ಬಟ್ಟೆ ಮುಗಿಸಿದವಳು ಮಡಿಸುವ ಮೇಜಿಗೆ, ಮುಂದಿನವಳು ಯಂತ್ರಕ್ಕೆ. ಬಸುರಿಯರಿಗೆ ಯಂತ್ರದ ಸರದಿ ಇಲ್ಲ. ಮೇಲ್ವಿಚಾರಕರ ಹುದ್ದೆಯನ್ನು ತಾವು ವರ್ಷವಿಡೀ ಖಾಲಿ ಬಿಟ್ಟಾಗ ವಿಭಾಗ ನಡೆದದ್ದು ಈ ಸರದಿಯಿಂದಲೇ. ಯಾವ ರೋಗಿಯೂ ಬೆಡ್‌ಶೀಟಿಗಾಗಿ ಕಾಯಲಿಲ್ಲ. ಕೊನೆಗೂ ದಯಮಾಡಿಸಿದ ಮೇಲ್ವಿಚಾರಕರು ಸರದಿ ರದ್ದು ಮಾಡಿ, ತುಂಬು ಬಸುರಿಯೊಬ್ಬಳನ್ನು ಕಾಯಂ ಆಗಿ ಯಂತ್ರದ ಮುಂದೆ ನಿಲ್ಲಿಸಿದರು. ಅವಳಿಗೆ ಕಣ್ಣು ಕತ್ತಲೆ ಬಂತು. ಅಕ್ಕ ಅವಳನ್ನು ಮೇಜಿನ ಬಳಿ ಕೂರಿಸಿ, ತಾನೇ ಯಂತ್ರಕ್ಕೆ ನಿಂತಳು.

“ಕೆಲಸ ನಿಲ್ಲಲ್ಲ ಸಾರ್, ನಾನಿದ್ದೀನಲ್ಲ” ಅಂದಳಂತೆ. ದಂಗೆ ಇಷ್ಟೇ.

ಅರಾಜಕತಾವಾದವೆಂದರೆ, ಮೇಲೊಬ್ಬ ಆಳುವವನಿಲ್ಲದೆಯೂ ಜನ ಪರಸ್ಪರ ಒಪ್ಪಿ ಬಾಳಬಲ್ಲರು ಎಂಬ ವಿಚಾರ. ಅದಕ್ಕಾಗಿ ಜೈಲಿಗೆ ಹೋದವರಿದ್ದಾರೆ. ಒಪ್ಪದವರೂ ಅದನ್ನು ಓದಿಕೊಂಡು ಜಗಳವಾಡಿದ್ದಾರೆ. ತಾವು ಓದುವ ಗೋಜಿಗೇ ಹೋಗದೆ, ಎದುರು ಮಾತಾಡಿದವರ ಬೆನ್ನಿಗೆಲ್ಲ ಅಂಟಿಸುವ ಚೀಟಿ ಮಾಡಿಕೊಂಡಿದ್ದೀರಿ. ಇರಲಿ, ಪದದ ಅರ್ಥವನ್ನೇ ಹಿಡಿಯೋಣ. ಒಂದು ವಿಭಾಗವನ್ನು ವರ್ಷವಿಡೀ ಆಳುವವರಿಲ್ಲದೆ ಬಿಟ್ಟ ಮಹಾನುಭಾವರು ಯಾರು? ಅಮಾನತು ಯಾರಿಗೆ ಸಲ್ಲಬೇಕಿತ್ತು?

ತಮಗೆ ಅದು ಬರೀ ಒಂದು ಪದ. ಇಲ್ಲಿ ಪಕ್ಕದ ಮನೆಯವರು ಮಗುವನ್ನು ಅಕ್ಕನ ಬಳಿ ಬಿಡುವುದನ್ನೇ ನಿಲ್ಲಿಸಿದ್ದಾರೆ. ಮೊನ್ನೆ ಅವಳು ಅಕ್ಕಿ ಆರಿಸುತ್ತಾ, ತಲೆ ಎತ್ತದೆ ಕೇಳಿದಳು: “ಹಂಗಂದ್ರೆ ಕೊಲೆ ಗಿಲೆ ಮಾಡೋರು ಅಂತಾನೇನೋ?” ನನಗೆ ಮೊದಲು ಅಳು ಬಂತು, ಆಮೇಲೆ ಸಿಟ್ಟು. ಸಿಟ್ಟು ಇನ್ನೂ ಇಳಿದಿಲ್ಲ.

ಅವಳನ್ನು ಕೆಲಸಕ್ಕೆ ವಾಪಸ್ ತೆಗೆದುಕೊಳ್ಳಿ. ಅದು ತಮ್ಮ ಘನತೆಗೆ ಕುಂದೆನಿಸಿದರೆ, ಆ ದೊಡ್ಡ ಪದವನ್ನು ಹೊಡೆದುಹಾಕಿ, ನಡೆದದ್ದನ್ನು ನಡೆದಂತೆ ಬರೆಯಿರಿ: ‘ಬಸುರಿಯೊಬ್ಬಳನ್ನು ಬಿಸಿಯಿಂದ ದೂರ ಕೂರಿಸಿದ್ದಕ್ಕಾಗಿ ಅಮಾನತು ಮಾಡಲಾಗಿದೆ.’ ಕೆಳಗೆ ಸಹಿ ಹಾಕಿ, ತಮ್ಮ ಹೆರಿಗೆ ವಾರ್ಡಿನ ಬಾಗಿಲಿಗೆ ಅಂಟಿಸಿ.

ಇಂತಿ,
ಇಂದಿಗೂ ಚಪ್ಪಲಿ ನೆಟ್ಟಗೆ ಜೋಡಿಸಿಯೇ ಒಳಗೆ ಬರುವ,
ಅರಾಜಕತಾವಾದಿಯ ತಮ್ಮ