ಅಪ್ಪನ ರೈಮಿಂಗ್ ವರ್ಡ್ಸ್ ನೋಟ್‌ಬುಕ್

ಇಂಚರ,

ಹುಳಿ ಬಿಸಿ ಮಾಡ್ಕೋ. ಅಪ್ಪನಿಗೆ ಅನ್ನ ಮೆತ್ತಗೆ ಕಲಸಿ ಕೊಡು, ಬಲಗೈ ಇವತ್ತೂ ಏಳ್ತಿಲ್ಲ.

ಮೂರು ಗಂಟೆಗೆ ರೈಮಿಂಗ್ ವರ್ಡ್ಸ್ ಮಾಡಿಸು. ಬೆಲ್‌ಗೆ ವೆಲ್, ರೇನ್‌ಗೆ ಟ್ರೇನ್. ಅರ್ಥ ಕನ್ನಡದಲ್ಲಿ ಹೇಳಿದ್ರೂ ಸಾಕು ಅಂತ ಡಾಕ್ಟರು ಅಂದ್ರು.

ಆದ್ರೆ ತಪ್ಪಿಗೆಲ್ಲ ರೈಟ್ ಹಾಕ್ಬೇಡ ಕಣೇ. ಸ್ಟ್ರೋಕ್ ಆದವರನ್ನ ನೋಡಿದ್ರೆ ಪಾಪ ಅನ್ಸುತ್ತೆ, ಗೊತ್ತು. ಆದ್ರೆ ನಾನು ನಿನ್ನ ರೈಟ್‌ಗಳನ್ನ ನಂಬಿ, ಜೂನ್‌ಗೆ ನಿಮ್ಮ ಇಂಗ್ಲಿಷ್ ಮೇಷ್ಟ್ರು ವಾಪಸ್ ಬಂದೇ ಬರ್ತಾರೆ ಅಂತ ಅಪ್ಪನ ಸ್ಕೂಲಿಗೆ ಹೇಳಿಬಿಟ್ಟಿದ್ದೆ. ಈಗ ಬರಲ್ಲ ಅನ್ನೋಕೆ ಅಲ್ಲಿಗೇ, ಜಯನಗರಕ್ಕೆ ಹೊರಟಿದ್ದೀನಿ.

ಬೆಳಿಗ್ಗೆ ನೋಟ್‌ಬುಕ್ ನೋಡಿದೆ. ನೀನು ಹಾಕಿದ ರೈಟ್‌ಗಳನ್ನ ಅಪ್ಪ ಎಡಗೈಯಲ್ಲಿ, ಕೆಂಪು ಇಂಕಲ್ಲಿ ಹೊಡೆದುಹಾಕಿ, ಕೆಳಗೆ ಹತ್ತಕ್ಕೆ ಒಂದು ಅಂತ ತಮಗೆ ತಾವೇ ಮಾರ್ಕ್ಸ್ ಕೊಟ್ಕೊಂಡಿದ್ದಾರೆ.

ಆ ಕೆಂಪು ಪೆನ್ನು ಮಾತ್ರ ಎತ್ತಿಡ್ಬೇಡ.

ಅಮ್ಮ